ಎರಡೂವರೆ ಗಂಟೆ ಮುಂದಿದ್ದ ಸಾಕ್ಷಿ

ಕೊನೆಕೊಯ್ಲು ಮುಗಿದ ಹೊತ್ತಿನಲ್ಲಿ ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಅಡಿಕೆ ಕಳವಾಯಿತು. ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಕಳಿಸಲೆಂದು ಜಗಲಿ ಪಕ್ಕದ ಕೋಣೆಯಲ್ಲಿ ಪೇರಿಸಿಟ್ಟಿದ್ದ ನಾಲ್ಕು ಚೀಲ ರಾಶಿ ಅಡಿಕೆ. ಅಂಗಳಕ್ಕೆ ಸಿಸಿಟಿವಿ ಇತ್ತು. ಯಾರ ಮುಖವೂ ಕಾಣದಿದ್ದರೂ ಪಿಕಪ್ ಗಾಡಿಯೊಂದು ದಣಪೆ ಹತ್ತಿರ ಬಂದು ನಿಂತದ್ದು ಕಾಣುತ್ತಿತ್ತು. ಪರದೆಯ ಮೂಲೆಯಲ್ಲಿ ಸಮಯ 04:50. ಆ ಹೊತ್ತಿಗೆ ಆ ದಾರಿಯಲ್ಲಿ ದಿನಾ ಹೋಗುವ ಗಾಡಿ ಒಂದೇ, ಪೇಪರ್ ಕಟ್ಟು ತರುವ ಹುಡುಗನದು. ಅವನನ್ನು ಎರಡು ದಿನ ಠಾಣೆಗೆ ಕರೆಸಿ ಕೂರಿಸಿದರು.

“ಅಲ್ಲ ಮಾರಾಯ, ನಾಯಿ ಕೂಗಿದ್ದು ಎರಡೂ ಇಪ್ಪತ್ತಕ್ಕೆ. ನಾನೇ ಎದ್ದು ಗೋಡೆ ಗಡಿಯಾರ ನೋಡಿದೀನಿ” ಎಂದು ಮನೆಯ ಗೌಡ್ರು ಹೇಳುತ್ತಲೇ ಇದ್ದರು. “ನಿದ್ದೆಗಣ್ಣಲ್ಲಿ ನೋಡಿರ್ತೀರಿ ಗೌಡ್ರೆ, ಕಂಪ್ಯೂಟರ್ ಸುಳ್ಳು ಹೇಳುತ್ತಾ?” ಎಂದು ಎಲ್ಲರೂ ಅವರ ಬಾಯಿ ಮುಚ್ಚಿಸಿದರು.

ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನ್ನನ್ನು ಅವರು ಕರೆದದ್ದು ವಾರಗಳ ಮೇಲೆ. ಕ್ಯಾಮೆರಾದ ಚಿತ್ರ ರೆಕಾರ್ಡ್ ಮಾಡಿಡುವ ಡಿವಿಆರ್ ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿ ಪಕ್ಕದಲ್ಲಿ ಮೊಬೈಲ್ ಹಿಡಿದೆ. ಮೊಬೈಲಿನಲ್ಲಿ 11:10, ಡಿವಿಆರ್‌ನಲ್ಲಿ 13:40. ಸೆಕೆಂಡುಗಳು ಎರಡರಲ್ಲೂ ಜೊತೆಜೊತೆಯಾಗಿ ಓಡುತ್ತಿದ್ದವು. ಕೆಟ್ಟ ಗಡಿಯಾರ ಹೀಗೆ ಅಳತೆ ಮಾಡಿದಂತೆ ತಪ್ಪುವುದಿಲ್ಲ. ಸೆಟ್ಟಿಂಗ್ಸ್ ತೆರೆದರೆ ಟೈಮ್ ಜೋನ್ ‘ಜಿಎಂಟಿ+8’ ಎಂದಿತ್ತು. ಗ್ರೀನಿಚ್ ಸಮಯಕ್ಕಿಂತ ಎಂಟು ಗಂಟೆ ಮುಂದೆ, ಅದು ಬೀಜಿಂಗ್ ಸಮಯ. ನಮ್ಮದು 5:30 ಮುಂದೆ. ಎಂಟರಲ್ಲಿ ಐದೂವರೆ ಕಳೆದರೆ ಎರಡೂವರೆ. 04:50ರಲ್ಲಿ ಎರಡೂವರೆ ಗಂಟೆ ಕಳೆದರೆ ಗೌಡ್ರು ಹೇಳಿದ ಎರಡೂ ಇಪ್ಪತ್ತು.

ಆ ಪೆಟ್ಟಿಗೆ ಮೊದಲ ಎರಡು ವರ್ಷ ಸರಿಯಾದ ಸಮಯವನ್ನೇ ತೋರಿಸುತ್ತಿತ್ತು. ಕ್ಯಾಮೆರಾ ಹಾಕಿದವನು ಜೋನ್ ಕಡೆ ನೋಡದೆ ಗಂಟೆ, ನಿಮಿಷವನ್ನು ಕೈಯಲ್ಲೇ ಒತ್ತಿ ಹೋಗಿದ್ದ. ದೀಪಾವಳಿ ಹೊತ್ತಿಗೆ ಮನೆಗೆ ಫೈಬರ್ ನೆಟ್ ಬಂತು. ಬೆಂಗಳೂರಿನಲ್ಲಿರುವ ಮಗ ಮೊಬೈಲಲ್ಲೇ ಅಂಗಳ ನೋಡಲಿ ಎಂದು ಡಿವಿಆರ್‌ಗೂ ವೈರ್ ಎಳೆದರು. ಅಂದಿನಿಂದ ಅದು ನೆಟ್‌ನಿಂದ ಸಮಯ ತರಿಸಿಕೊಳ್ಳತೊಡಗಿತು. ನೆಟ್ ಕೊಟ್ಟದ್ದು ಸರಿಯಾದ ಗ್ರೀನಿಚ್ ಸಮಯವೇ, ಪೆಟ್ಟಿಗೆ ಅದಕ್ಕೆ ನಮ್ಮ ಐದೂವರೆಯ ಬದಲು ಬೀಜಿಂಗಿನ ಎಂಟು ಗಂಟೆ ಕೂಡಿಸಿ ತೋರಿಸಿತು. ಈ ಲೆಕ್ಕ ಬಿಡಿಸಿ ಹೇಳಿದ ಮೇಲೆ ಹುಡುಗನ ಮೇಲಿನ ಅನುಮಾನ ಹೋಯಿತು. ಅಡಿಕೆ ಮಾತ್ರ ಸಿಗಲಿಲ್ಲ. ಸರ್ಕಲ್ ಹತ್ತಿರದ ಕ್ಯಾಮೆರಾಗಳಲ್ಲಿ ಎಲ್ಲರೂ ಬೆಳಗಿನ ಜಾವದ ಐದರ ಸುತ್ತ ಹುಡುಕಿದ್ದರು. ಎರಡೂ ಇಪ್ಪತ್ತು ಎಂದು ಗೊತ್ತಾಗುವಷ್ಟರಲ್ಲಿ ಆ ರೆಕಾರ್ಡಿಂಗ್‌ಗಳ ಮೇಲೆ ಹೊಸ ರೆಕಾರ್ಡಿಂಗ್ ಕೂತುಬಿಟ್ಟಿತ್ತು.

ಕಂಪ್ಯೂಟರ್ ಸುಳ್ಳು ಹೇಳುತ್ತಾ ಎಂಬ ಆ ಪ್ರಶ್ನೆ ಅಂದಿನಿಂದ ನನ್ನ ತಲೆಯಲ್ಲೇ ಇದೆ. ಕಂಪ್ಯೂಟರಿಗೆ ಈಗ ಎಷ್ಟು ಗಂಟೆ ಎಂಬುದೇ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಎಣಿಸುವುದೊಂದೇ. ಎಲ್ಲಿಂದ ಎಣಿಸಬೇಕು, ಎಣಿಕೆ ತಪ್ಪಿದರೆ ಎಷ್ಟು ತಿದ್ದಬೇಕು, ಯಾವ ಊರಿನ ಲೆಕ್ಕಕ್ಕೆ ಹೊಂದಿಸಿ ತೋರಿಸಬೇಕು, ಈ ಮೂರನ್ನೂ ಹೊರಗಿನಿಂದ ಯಾರೋ ಹೇಳಿಕೊಡಬೇಕು.

ನಮ್ಮ ಹಿರಿಯರ ಗಳಿಗೆ ಬಟ್ಟಲೂ ಹೀಗೇ. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟರೆ 24 ನಿಮಿಷಕ್ಕೆ ಮುಳುಗುತ್ತದೆ. ಅದು ಒಂದು ಗಳಿಗೆ. ಅಂಥ 60 ಗಳಿಗೆಗೆ ಒಂದು ದಿನ. ಈಗ ಎಷ್ಟು ಹೊತ್ತು ಎಂದು ಬಟ್ಟಲಿಗೆ ತಿಳಿಯದು. ಸೂರ್ಯೋದಯ ನೋಡಿ ಮೊದಲ ಸಲ ಬಿಡುವವರು ಒಬ್ಬರು ಬೇಕು, ಮುಳುಗಿದಾಗಲೆಲ್ಲ ಎತ್ತಿ ಎಣಿಸುವವರು ಒಬ್ಬರು ಬೇಕು.

ಕಂಪ್ಯೂಟರಿನ ಬಟ್ಟಲು ಒಂದು ಸ್ಫಟಿಕದ ಹರಳು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಲೋಹದ ಕೊಳವೆಯೊಳಗೆ ಕವೆಯ ಆಕಾರದಲ್ಲಿ ಕತ್ತರಿಸಿಟ್ಟ ಹರಳು. ಕರೆಂಟ್ ಕೊಟ್ಟರೆ ಸೆಕೆಂಡಿಗೆ 32,768 ಸಲ ಅದುರುತ್ತದೆ. ಈ ಸಂಖ್ಯೆಯನ್ನು ಬೇಕೆಂದೇ ಆರಿಸಿದ್ದಾರೆ. 32,768ನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಅರ್ಧ ಮಾಡುವುದು ಎಲೆಕ್ಟ್ರಾನಿಕ್ ಸರ್ಕ್ಯೂಟಿಗೆ ಅತಿ ಸುಲಭದ ಕೆಲಸ. ಹಾಗೆ ಹರಳಿನ ನಡುಕದಿಂದ ಒಂದೊಂದೇ ಸೆಕೆಂಡ್ ಹುಟ್ಟುತ್ತದೆ. ಕಂಪ್ಯೂಟರ್ ಆರಿಸಿದಾಗಲೂ ಈ ಎಣಿಕೆ ನಿಲ್ಲಬಾರದಲ್ಲ, ಅದಕ್ಕೆ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಬ್ಯಾಟರಿ. ಸಿಆರ್2032, ಮೂರು ವೋಲ್ಟ್.

ಮಳೆಗಾಲ ಮುಗಿದ ಮೇಲೆ ನನ್ನ ಅಂಗಡಿಗೆ ಬರುವ ಹಳೆಯ ಸಿಪಿಯುಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು. ಉಗುರಿನಿಂದ ಕ್ಲಿಪ್ ಹಿಂದಕ್ಕೆ ಒತ್ತಿದರೆ ಟಕ್ ಎಂದು ಮೇಲೇಳುತ್ತದೆ. ಎಷ್ಟೋ ಸಲ ಕೆಳಗಿನ ಪಟ್ಟಿಗೆ ಹಸಿರು ಕಿಲುಬು ಹಿಡಿದಿರುತ್ತದೆ, ನಾಲ್ಕು ತಿಂಗಳ ತೇವದ ಗುರುತು. ಮೀಟರ್ ಹಿಡಿದರೆ 2.1 ವೋಲ್ಟ್, ಕೆಲವೊಮ್ಮೆ ಅದೂ ಇಲ್ಲ. ಅಂಥ ಕಂಪ್ಯೂಟರ್ ಕರೆಂಟ್ ಹೋಗಿ ಬಂದ ತಕ್ಷಣ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ಬ್ರೌಸರ್ ಒಂದು ವೆಬ್‌ಸೈಟನ್ನೂ ತೆರೆಯುವುದಿಲ್ಲ. ಪ್ರತಿ ಸುರಕ್ಷಿತ ತಾಣದ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಹಿಂದೆ ಬಿದ್ದ ಕಂಪ್ಯೂಟರಿನ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವೇ ಆಗಿಲ್ಲ. ನೆಟ್ ಕೆಟ್ಟಿದೆ ಎಂದು ಬೈಯುತ್ತಾ ಬಂದವರಿಗೆ ಬ್ಯಾಟರಿ ಬದಲಿಸಿ ಕಳಿಸಿದ್ದು ಲೆಕ್ಕವಿಲ್ಲದಷ್ಟು ಸಲ.

ಬ್ಯಾಟರಿ ಚೆನ್ನಾಗಿದ್ದರೂ ಹರಳು ಪೂರ್ತಿ ನಿಷ್ಠ ಅಲ್ಲ. ಸಾಧಾರಣ ಹರಳು ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ಆಚೀಚೆ ಆಗಬಹುದು, ಅಂದರೆ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ ಮುಕ್ಕಾಲು ನಿಮಿಷದ ಮೇಲೆ. ಅದಕ್ಕೆ ಹವೆಯ ಕಾಟವೂ ಇದೆ. ಈ ಕವೆ ಹರಳನ್ನು ಸುಮಾರು 25 ಡಿಗ್ರಿಗೆ ಹೊಂದಿಸಿರುತ್ತಾರೆ. ಸೆಕೆ ಹೆಚ್ಚಿದರೂ ನಿಧಾನವಾಗುತ್ತದೆ, ಚಳಿ ಹೆಚ್ಚಿದರೂ ನಿಧಾನವೇ. ಏಪ್ರಿಲ್‌ನಲ್ಲಿ ಹೆಂಚಿನಡಿ 45 ಡಿಗ್ರಿ ಕಾದ ಪೆಟ್ಟಿಗೆ ಅದೊಂದೇ ಕಾರಣಕ್ಕೆ ದಿನಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳುತ್ತದೆ. ತಾಪ ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುವ ಚಿಪ್‌ಗಳೂ ಇವೆ, ವರ್ಷಕ್ಕೆ ಒಂದು ನಿಮಿಷದ ಆಸುಪಾಸಿನಲ್ಲಿ ನಿಲ್ಲುತ್ತವೆ. ನಾಲ್ಕು ಚೀಲ ಅಡಿಕೆಯ ಬೆಲೆಯ ಮುಂದೆ ಅವುಗಳ ಬೆಲೆ ಏನೂ ಅಲ್ಲ, ಆದರೂ ಅಗ್ಗದ ಪೆಟ್ಟಿಗೆಗಳಲ್ಲಿ ಅವು ಸಿಗುವುದಿಲ್ಲ. ಮನೆಯ ವೈಫೈ ರೂಟರ್‌ನಂಥವುಗಳಲ್ಲಿ ನಾಣ್ಯದ ಬ್ಯಾಟರಿಯೂ ಇರುವುದಿಲ್ಲ. ಕರೆಂಟ್ ಹೋದರೆ ಎಣಿಕೆ ಸೊನ್ನೆಗೆ.

ಸೊನ್ನೆ ಎಂದರೆ ಯಾವ ದಿನ? ಯುನಿಕ್ಸ್ ಎಂಬ ವ್ಯವಸ್ಥೆ ಕಟ್ಟಿದವರು 1970ರ ಜನವರಿ 1ರ ಮಧ್ಯರಾತ್ರಿಯನ್ನು ಸೊನ್ನೆ ಎಂದು ಇಟ್ಟುಕೊಂಡರು. ಮಧ್ಯರಾತ್ರಿ ಎಂದರೆ ಇಂಗ್ಲೆಂಡಿನ ಗ್ರೀನಿಚ್‌ನದು, ಇಂದು ನಾವು ಯುಟಿಸಿ ಎನ್ನುವ ಸಮಯ. ಇಂದಿನ ಆಂಡ್ರಾಯ್ಡ್ ಮೊಬೈಲ್, ಲಿನಕ್ಸ್ ಸರ್ವರ್, ಡಿವಿಆರ್ ಎಲ್ಲವೂ ಒಳಗೊಳಗೆ ಅಲ್ಲಿಂದ ಎಷ್ಟು ಸೆಕೆಂಡ್ ಆಯಿತು ಎಂದಷ್ಟೇ ಎಣಿಸುತ್ತವೆ. ದಿನ, ತಿಂಗಳು, ವರ್ಷ ಎಲ್ಲ ತೋರಿಸುವಾಗ ಮಾಡುವ ಗುಣಾಕಾರ ಭಾಗಾಕಾರ. ಸಮಯ ಕಳೆದುಕೊಂಡ ಉಪಕರಣ ನಮ್ಮಲ್ಲಿ ‘1970 ಜನವರಿ 1, ಬೆಳಗ್ಗೆ 5:30’ ಎಂದು ತೋರಿಸುವುದನ್ನು ನೋಡಿರಬಹುದು. ಸೊನ್ನೆ ಸೆಕೆಂಡಿಗೆ ಭಾರತದ ಐದೂವರೆ ಗಂಟೆ ಕೂಡಿಸಿದರೆ ಬರುವ ಉತ್ತರ ಅದು.

ಆ ಐದೂವರೆಯೂ ನಮ್ಮ ಊರಿನ ಸೂರ್ಯನ ಲೆಕ್ಕವಲ್ಲ. ಭಾರತೀಯ ಕಾಲಮಾನ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಉತ್ತರ ಪ್ರದೇಶದ ಮಿರ್ಜಾಪುರದ ಬಳಿ. ಶಿವಮೊಗ್ಗ ಇರುವುದು ಸುಮಾರು 75.6 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸರಾಸರಿ 28 ನಿಮಿಷ ತಡವಾಗಿ ಸೂರ್ಯ ನಮ್ಮ ನೆತ್ತಿಗೆ ಬರುತ್ತಾನೆ. ಒಂದು ಗಳಿಗೆಗಿಂತ ಸ್ವಲ್ಪ ಹೆಚ್ಚು. ಊರೂರಿಗೆ ಸೂರ್ಯೋದಯ ತಿದ್ದಿಕೊಂಡು ಪಂಚಾಂಗ ನೋಡುವ ನಮ್ಮ ಭಟ್ಟರಿಗೆ ಟೈಮ್ ಜೋನ್ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಕ್ಷಣಕ್ಕೆ ಎರಡು ಹೆಸರು ಇರಬಲ್ಲದು, ಯಾವ ಲೆಕ್ಕದ ಹೆಸರು ಎಂದು ಹೇಳದಿದ್ದರೆ ಮುಹೂರ್ತ ತಪ್ಪುತ್ತದೆ ಎಂಬುದು ಅವರಿಗೆ ಗೊತ್ತು. ಡಿವಿಆರ್ ಹಾಕಿದವನಿಗೆ ಗೊತ್ತಿರಲಿಲ್ಲ.

ಇನ್ನು ತಿದ್ದುವ ವಿಚಾರ. ನೆಟ್‌ನಿಂದ ಸಮಯ ತರಿಸಿಕೊಳ್ಳುವ ಪದ್ಧತಿಗೆ ಎನ್‌ಟಿಪಿ ಎನ್ನುತ್ತಾರೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಡೇವಿಡ್ ಮಿಲ್ಸ್ ರೂಪಿಸಿದ್ದು, ಅದರ ಮೊದಲ ದಾಖಲೆ ಬಂದದ್ದು 1985ರಲ್ಲಿ. ಮಿಲ್ಸ್ 2024ರ ಜನವರಿಯಲ್ಲಿ ತೀರಿಕೊಂಡರು. ಅವರ ಲೆಕ್ಕವನ್ನು ನಮ್ಮ ಗುಡ್ಡದ ಮೇಲೆ ಇಟ್ಟು ನೋಡೋಣ. ನನ್ನ ಮನೆಯಿಂದ ಹುಡುಗನೊಬ್ಬನನ್ನು ಕೆಳಮನೆಗೆ ಗಂಟೆ ಕೇಳಲು ಕಳಿಸುತ್ತೇನೆ. ಅವನು ಹೊರಟಾಗ ನನ್ನ ಗಡಿಯಾರದಲ್ಲಿ 10:00, ಬಂದಾಗ 10:20. ಕೆಳಮನೆಯವರ ಗಡಿಯಾರ 10:13 ತೋರಿಸುತ್ತಿತ್ತು ಎಂದ. ಹೋಗಲು ಹತ್ತು, ಬರಲು ಹತ್ತು ನಿಮಿಷ ಎಂದುಕೊಂಡರೆ ಅವನು ಅಲ್ಲಿದ್ದದ್ದು ನನ್ನ 10:10ಕ್ಕೆ. ಹಾಗಾದರೆ ನಾನು ಮೂರು ನಿಮಿಷ ಹಿಂದಿದ್ದೇನೆ.

ಆದರೆ ಹೋಗುವಾಗ ಇಳಿಜಾರು, ಬರುವಾಗ ಏರು. ನಿಜದಲ್ಲಿ ಇಳಿಯಲು ಆರು, ಹತ್ತಲು ಹದಿನಾಲ್ಕು ನಿಮಿಷ ಆಗಿದ್ದರೆ ಅವನು ಅಲ್ಲಿದ್ದದ್ದು 10:06ಕ್ಕೆ, ನಾನು ಹಿಂದಿರುವುದು ಏಳು ನಿಮಿಷ. ದಾರಿ ಎರಡೂ ಕಡೆ ಒಂದೇ ಸಮ ಎಂದು ನಂಬಿದ್ದಕ್ಕೆ ನಾಲ್ಕು ನಿಮಿಷದ ತಪ್ಪು. ಎನ್‌ಟಿಪಿಯ ಮೂಲ ನಂಬಿಕೆ ಇದೇ, ಅದರ ಮೂಲ ದೌರ್ಬಲ್ಯವೂ ಇದೇ. ನೆಟ್‌ನಲ್ಲಿ ಈ ತಪ್ಪು ಸಾಮಾನ್ಯವಾಗಿ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸು ಇರುತ್ತದಾದ್ದರಿಂದ ಮನೆ ಕೆಲಸಕ್ಕೆ ಧಾರಾಳ ಸಾಕು. ನಮ್ಮ ಕಡೆಯ ತೊಂದರೆ ದಾರಿ ಓರೆಯಾಗಿರುವುದಲ್ಲ, ದಾರಿಯೇ ಇಲ್ಲದಿರುವುದು. ಆರಿದ್ರಾ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ, ಬ್ಯಾಟರಿ ಖಾಲಿಯಾದ ಟವರ್ ಮಲಗಿದರೆ, ಉಪಕರಣ ತನ್ನ ಹರಳನ್ನೇ ನಂಬಿ ಕೂರಬೇಕು. ಸಾಗರ, ಹೊಸನಗರ ಕಡೆಯ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಜನ ಬ್ಯಾನರ್ ಕಟ್ಟಿದ್ದು ಸಿನಿಮಾ ನೋಡಲು ಸಿಗ್ನಲ್ ಇಲ್ಲ ಎಂದಲ್ಲ.

ಈಗ ಈ ವಿಚಾರ ಎತ್ತಲು ಕಾರಣವಿದೆ. ದೇಶದ ಅಧಿಕೃತ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಪರಮಾಣು ಗಡಿಯಾರಗಳಿಂದ. 1967ರಿಂದ ಒಂದು ಸೆಕೆಂಡ್ ಎಂದರೆ ಸೀಸಿಯಂ ಪರಮಾಣುವಿನ ವಿಕಿರಣದ 9,192,631,770 ಆವರ್ತನಗಳು. ಆದರೂ ನಮ್ಮ ಎಷ್ಟೋ ಯಂತ್ರಗಳು ಇವತ್ತಿಗೂ ಸಮಯ ಪಡೆಯುವುದು ಅಮೆರಿಕದ ಜಿಪಿಎಸ್ ಉಪಗ್ರಹಗಳಿಂದಲೋ ಹೊರದೇಶದ ಸರ್ವರ್‌ಗಳಿಂದಲೋ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶ ಹೊರಡಿಸಿ, ಸಂಸ್ಥೆಗಳ ಕಂಪ್ಯೂಟರ್ ವ್ಯವಸ್ಥೆಗಳು ಈ ಪ್ರಯೋಗಾಲಯದ ಅಥವಾ ಸರ್ಕಾರಿ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಎನ್‌ಐಸಿಯ ಸಮಯಕ್ಕೆ ಹೊಂದಿಕೊಳ್ಳಬೇಕು ಎಂದಿತು. 2023ರ ಮೇ 29ರಂದು ಇಸ್ರೊ ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇತ್ತು. ಜಿಪಿಎಸ್‌ನಂಥದ್ದೇ ನಮ್ಮ ಜಾಲವಾದ ನಾವಿಕ್‌ನ ಮುಂಚಿನ ಉಪಗ್ರಹಗಳಲ್ಲಿ ಆಮದು ಗಡಿಯಾರಗಳು ಕೈಕೊಟ್ಟ ಅನುಭವ ಅದರ ಹಿಂದಿದೆ. 2025ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕರಡು ನಿಯಮವೊಂದನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಇಟ್ಟಿತು: ಕಾನೂನು, ಆಡಳಿತ, ವ್ಯಾಪಾರ ಎಲ್ಲದಕ್ಕೂ ಭಾರತೀಯ ಕಾಲಮಾನವೇ ಏಕೈಕ ಆಧಾರ. ಸಮಯ ಹಂಚಲು ಐದು ಊರುಗಳ ಪ್ರಯೋಗಾಲಯಗಳನ್ನು ಸಜ್ಜು ಮಾಡುವ ಯೋಜನೆಯಲ್ಲಿ ಬೆಂಗಳೂರೂ ಇದೆ.

ಇದು ಒಳ್ಳೆಯ ಹೆಜ್ಜೆ, ಮನಸಾರೆ ಹೇಳುತ್ತೇನೆ. ಆದರೆ ಬ್ಯಾಂಕು, ಷೇರುಪೇಟೆ, ಟೆಲಿಕಾಂ ಕಂಪನಿಗಳಲ್ಲಿ ಸಮಯ ನೋಡಿಕೊಳ್ಳಲೆಂದೇ ಇಂಜಿನಿಯರ್‌ಗಳಿದ್ದಾರೆ. ನಮ್ಮಂಥವರ ಪಾಲಿಗೆ ಸಾಕ್ಷಿ ನುಡಿಯುವ ಗಡಿಯಾರ ಅಲ್ಲಿಲ್ಲ. ಅದು ಅಂಗಳದ ಡಿವಿಆರ್‌ನಲ್ಲಿ, ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲಿ, ಗ್ರಾಮ ಪಂಚಾಯಿತಿಯ ಮಳೆಮಾಪಕದಲ್ಲಿ ಇದೆ. ನಿಯಮ ಅಲ್ಲಿಯವರೆಗೆ ಇಳಿಯಬೇಕು.

ಮಳೆಮಾಪಕದ ವಿಚಾರವನ್ನೇ ತೆಗೆದುಕೊಳ್ಳಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಹಾಕಿರುವ ಸ್ವಯಂಚಾಲಿತ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಮಳೆಯ ಲೆಕ್ಕ ಕಳಿಸುತ್ತವೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆ ನಿಂತಿರುವುದು ಈ ಅಂಕಿಗಳ ಮೇಲೆ. ತೋಟಕ್ಕೆ ಬಂದು ಕೊಳೆ ರೋಗ ನೋಡಿ ಪರಿಹಾರ ಕೊಡುವ ಪದ್ಧತಿ ಅದಲ್ಲ. ಮಳೆಯ ‘ದಿನ’ ಎಂದರೆ ಬೆಳಗ್ಗೆ 8:30ರಿಂದ ಮರುದಿನ ಬೆಳಗ್ಗೆ 8:30. ಇಡೀ ರಾತ್ರಿ ಜಡಿದ ಮಳೆ ಬೆಳಗ್ಗೆ ಎಂಟರಿಂದ ಎಂಟೂವರೆಯವರೆಗೆ ಇನ್ನೂ ಬಿರುಸಾಗಿ ಸುರಿದು ನಿಂತಿತು ಎಂದಿಟ್ಟುಕೊಳ್ಳಿ. ಮಾಪಕದ ಗಡಿಯಾರ ಅರ್ಧ ಗಂಟೆ ಮುಂದಿದ್ದರೆ ಆ ಮಳೆಯಷ್ಟೂ ಮರುದಿನದ ಖಾತೆಗೆ ಹೋಗುತ್ತದೆ. ಬಿದ್ದ ನೀರು ಅಷ್ಟೇ, ಎರಡು ದಿನಕ್ಕೆ ಹಂಚಿಹೋದಾಗ ಲೆಕ್ಕವೇ ಬೇರೆ. ಮಾಪಕ ಸರಿ ಇಲ್ಲ ಎಂದು ದೂರು ಕೊಡುವಾಗ ರೈತರು ಮಿಲಿಮೀಟರ್ ಕೇಳುತ್ತಾರೆ, ಗಡಿಯಾರವನ್ನು ಯಾರೂ ಕೇಳುವುದಿಲ್ಲ. ಕೇಳಬೇಕು.

ರೇಷನ್ ಅಂಗಡಿಯಲ್ಲಿ ಬೆರಳಚ್ಚಿನ ಜೊತೆ ಅದನ್ನು ತೆಗೆದ ಸಮಯವೂ ಆಧಾರ್ ಸರ್ವರ್‌ಗೆ ಹೋಗುತ್ತದೆ. ತೀರಾ ಹಳೆಯ ಸಮಯವೋ, ಇನ್ನೂ ಬಾರದ ಸಮಯವೋ ಇದ್ದರೆ ಸರ್ವರ್ ತಳ್ಳಿಹಾಕುತ್ತದೆ. ತಪ್ಪು ಯಂತ್ರದ ಗಡಿಯಾರದ್ದಾಗಿದ್ದರೂ ಅಡಿಕೆ ಸುಲಿದು ಸವೆದ ಬೆರಳನ್ನು ಅಜ್ಜಿ ಸೆರಗಿಗೆ ಒರೆಸಿ ಒರೆಸಿ ಮತ್ತೆ ಒತ್ತುತ್ತಿರುತ್ತಾಳೆ.

ಶರಾವತಿಯ ಕರೆಂಟಿಗೂ ಇದೇ ಲೆಕ್ಕ. ವಿದ್ಯುತ್ ಜಾಲದಲ್ಲಿ ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿ ಯಾರು ಎಷ್ಟು ಕೊಟ್ಟರು, ಎಷ್ಟು ಎಳೆದರು ಎಂದು ಬರೆಯುತ್ತಾರೆ. 50 ಹರ್ಟ್ಸ್ ಜಾಲದಲ್ಲಿ, ಅಂದರೆ ಸೆಕೆಂಡಿಗೆ 50 ಅಲೆ ಏಳುವಲ್ಲಿ, ಗಡಿಯಾರ ಒಂದು ಮಿಲಿಸೆಕೆಂಡ್ ತಪ್ಪಿದರೆ ಒಂದು ಅಲೆಯ 360 ಡಿಗ್ರಿಯಲ್ಲಿ 18 ಡಿಗ್ರಿ ತಪ್ಪು. 2003ರ ಆಗಸ್ಟ್ 14ರಂದು ಅಮೆರಿಕ, ಕೆನಡಾಗಳಲ್ಲಿ ಸುಮಾರು ಐದು ಕೋಟಿ ಜನ ಕತ್ತಲಲ್ಲಿ ಮುಳುಗಿದಾಗ ತನಿಖೆ ಮಾಡಿದವರಿಗೆ ಎದುರಾದ ದೊಡ್ಡ ತೊಡಕು ಇದೇ. ಬೇರೆ ಬೇರೆ ಕೇಂದ್ರಗಳ ದಾಖಲೆಗಳ ಸಮಯ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಯಾವುದು ಮೊದಲು ಬಿತ್ತು, ಯಾವುದು ಆಮೇಲೆ ಬಿತ್ತು ಎಂದು ಜೋಡಿಸುವುದೇ ದೊಡ್ಡ ಕೆಲಸವಾಯಿತು. ಗೌಡ್ರ ಅಂಗಳದಲ್ಲೂ ಆದದ್ದು ಅದೇ.

ಭೂಮಿಯ ತಿರುಗಾಟಕ್ಕೆ ಹೊಂದಿಸಲು ಆಗಾಗ ಸೇರಿಸುವ ಅಧಿಕ ಸೆಕೆಂಡಿನ ಗಲಾಟೆ ಹೆಚ್ಚುಕಡಿಮೆ ಮುಗಿದ ಕಥೆ. 1972ರಿಂದ 27 ಸಲ ಸೇರಿಸಿದ್ದಾರೆ, ಕೊನೆಯದು 2017ರ ಜನವರಿ 1ರಂದು ನಮ್ಮ ಬೆಳಗಿನ ಐದೂವರೆಗೆ ಸರಿಯಾಗಿ. 2035ರ ಒಳಗೆ ಈ ಪದ್ಧತಿ ಕೈಬಿಡುವ ದಾರಿಗೆ 2022ರಲ್ಲೇ ಒಪ್ಪಿಗೆ ಆಗಿದೆ. ಹಳ್ಳಿಯ ಉಪಕರಣಗಳಿಗೆ ಅದಕ್ಕಿಂತ ದೊಡ್ಡ ಅಪಾಯ 2038. ಹಳೆಯ ವಿನ್ಯಾಸದ ಯಂತ್ರಗಳು ಸೆಕೆಂಡಿನ ಎಣಿಕೆಯನ್ನು 32 ಬಿಟ್‌ಗಳ, ಅಂದರೆ ಸೊನ್ನೆ ಅಥವಾ ಒಂದು ಕೂರುವ 32 ಮನೆಗಳ ಜಾಗದಲ್ಲಿ ಇಡುತ್ತವೆ. ಅದರಲ್ಲಿ ಒಂದು ಮನೆ ಕೂಡು-ಕಳೆ ಚಿಹ್ನೆಗೆ ಹೋಗುತ್ತದೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,147,483,647. ಅದು ತುಂಬುವುದು 2038ರ ಜನವರಿ 19, ಮಂಗಳವಾರ, ನಮ್ಮ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮುಂದಿನ ಸೆಕೆಂಡಿಗೆ ಅಂಥ ಯಂತ್ರ 1901ರ ಡಿಸೆಂಬರ್‌ಗೆ ಜಾರುತ್ತದೆ. ಮೊಬೈಲು, ಲ್ಯಾಪ್‌ಟಾಪ್‌ಗಳು 64 ಬಿಟ್‌ಗೆ ಹೋಗಿವೆ. ಗೋಡೆಗೆ ಹೊಡೆದು ಮರೆತುಬಿಡುವ ಮೀಟರು, ಮಾಪಕ, ಡಿವಿಆರ್‌ಗಳನ್ನು ಯಾರು ಬದಲಿಸುತ್ತಾರೆ? ಇಂದು ಟೆಂಡರ್ ಕರೆದು ಕೊಳ್ಳುವ ಉಪಕರಣ ಅಂದಿಗೂ ಗೋಡೆಯ ಮೇಲೆ ಇರಬಹುದು. ಟೆಂಡರ್‌ನಲ್ಲಿ ಒಂದು ಸಾಲು ಸೇರಿಸುವುದು ಈಗ ಸುಲಭ.

ನಿಯಮ ಮಾಡುವವರಲ್ಲಿ ನನ್ನ ಕೋರಿಕೆ ಒಂದೇ. ಸಾಕ್ಷಿಯಾಗಬಲ್ಲ ಪ್ರತಿ ಉಪಕರಣವೂ ಗಂಟೆಯ ಜೊತೆಗೆ ಇನ್ನೆರಡು ವಿಷಯ ದಾಖಲಿಸಲಿ: ಯಾವ ಜೋನ್, ಮತ್ತು ಕೊನೆಯ ಸಲ ಸರಿಯಾದ ಗಡಿಯಾರದೊಡನೆ ಹೊಂದಿಸಿಕೊಂಡದ್ದು ಯಾವಾಗ. ‘ಒಂಬತ್ತು ದಿನದಿಂದ ನಾನು ಯಾರನ್ನೂ ಕೇಳಿಲ್ಲ’ ಎಂದು ಯಂತ್ರವೇ ಹೇಳಿದರೆ ಅದರ ಮಾತಿಗೆ ಎಷ್ಟು ತೂಕ ಕೊಡಬೇಕೆಂದು ತನಿಖೆಯವರಿಗೂ ಕೋರ್ಟಿಗೂ ತಿಳಿಯುತ್ತದೆ. ಮನೆಯವರು ಮಾಡಬಹುದಾದದ್ದೂ ಇದೆ. ಕಳವಾದ ಮೇಲೆ ಡಿವಿಆರ್ ಸಮಯ ತಪ್ಪಿದೆ ಎಂದು ಕಂಡರೆ ಗಾಬರಿಯಲ್ಲಿ ತಕ್ಷಣ ತಿದ್ದಬೇಡಿ. ಮೊದಲು ಡಿವಿಆರ್ ಮತ್ತು ಮೊಬೈಲ್ ಎರಡೂ ಒಂದೇ ಫೋಟೊದಲ್ಲಿ ಬರುವಂತೆ ತೆಗೆದಿಡಿ. ಆ ವ್ಯತ್ಯಾಸವೇ ಹಳೆಯ ರೆಕಾರ್ಡಿಂಗ್ ಓದುವ ಕೀಲಿ.

ಗೌಡ್ರು ಈಗ ಪ್ರತಿ ಭಾನುವಾರ ರೇಡಿಯೊ ಹಚ್ಚಿಕೊಂಡು ಡಿವಿಆರ್ ಮುಂದೆ ಕೂರುತ್ತಾರೆ. ಭದ್ರಾವತಿ ಆಕಾಶವಾಣಿ, ವಾರ್ತೆಗೆ ಮುಂಚಿನ ಪೀಪ್ ಸದ್ದು. ಮೊಬೈಲ್ ಆ್ಯಪಿನಲ್ಲಿ ಕೇಳಬೇಡಿ, ಅದು ಎಷ್ಟೋ ಸೆಕೆಂಡ್ ತಡವಾಗಿ ಬರುತ್ತದೆ ಎಂದು ನಾನೇ ಹೇಳಿದ್ದೆ. ಮೊನ್ನೆ ಹೋದಾಗ ಗೋಡೆಯ ಕ್ಯಾಲೆಂಡರ್ ತೋರಿಸಿದರು. ಭಾನುವಾರದ ಚೌಕಗಳಲ್ಲೆಲ್ಲ ಪೆನ್ಸಿಲಿನಲ್ಲಿ ‘ಸರಿ’, ‘ಸರಿ’, ‘ಸರಿ’. ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದು ಒಂಬತ್ತು ದಿನ ಫೈಬರ್ ಇಲ್ಲದಿದ್ದ ವಾರದಲ್ಲಿ ಮಾತ್ರ ‘12 ಸೆಕೆಂಡ್ ಹಿಂದೆ’ ಎಂದಿತ್ತು.

“ಇದು ಬ್ಯಾಟರಿ ಹೋದದ್ದೇನೋ?”

“ಅಲ್ಲ ಗೌಡ್ರೆ. ಬ್ಯಾಟರಿ ಹೋಗಿದ್ದರೆ ಸೆಕೆಂಡಲ್ಲ, ವರ್ಷಗಳೇ ತಪ್ಪುತ್ತಿದ್ದವು. ಇದು ಹರಳು ನಿಧಾನ ಆದದ್ದು. ಹೆಂಚಿನಡಿ ಸೆಕೆ ಜಾಸ್ತಿ, ಪೆಟ್ಟಿಗೆ ಕೆಳಗಿಳಿಸಿ ಜಗಲಿಗೆ ತರೋಣ.”

ಅವರು ಏಣಿ ತರಲು ಕೊಟ್ಟಿಗೆ ಕಡೆ ಹೊರಟರು.